ಓರೆಯಾಗಿ ಕೂತ ಸೀಲ್ ಬಗ್ಗೆ ಶೆಡ್ಡಿನ ಸೊಸೆಯ ಹೇಳಿಕೆ

ಹೇಳಿಕೆ ಕೊಡುವವರು: ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನ ಸೊಸೆ, ಗಿರಾಕಿಗಳ ಬಾಯಲ್ಲಿ ‘ಸ್ಪ್ಯಾನರಕ್ಕ’. ವಯಸ್ಸು 43 ವರ್ಷ. ಕೆಲಸ: ಟ್ರ್ಯಾಕ್ಟರ್ ಮೆಕ್ಯಾನಿಕ್, ಹತ್ತೊಂಬತ್ತು ವರ್ಷದಿಂದ. ವಾಸ: ಶೆಡ್ಡಿಗೆ ಅಂಟಿಕೊಂಡ ಹಿಂದಿನ ಮನೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ಶೆಡ್ ನನ್ನ ಮಾವನವರದು. ಅವರಿಗೆ 74 ವರ್ಷ. ನನ್ನ ಗಂಡ ಬಸ್ ಓಡಿಸುತ್ತಾರೆ. ಗ್ರೀಸ್ ಕಂಡರೆ ಮೂಗು ಮುರಿಯುತ್ತಾರೆ. ಹಾಗಾಗಿ ವಿದ್ಯೆ ಮಗನನ್ನು ದಾಟಿ ಸೊಸೆಗೆ ಬಂತು. ಎಂಜಿನ್ ಇಳಿಸುವವರೆಗೆ ಎಲ್ಲವನ್ನೂ ಕಲಿಸಿದ ಮಾವ ಒಂದು ಕೆಲಸವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ನನ್ನದು. ಆಯಿಲ್ ಸೀಲ್ ಕೂರಿಸುವುದು ಅವರದು. ಸೀಲ್ ಎಂದರೇನು ಎಂದು ಬರೆದುಕೊಳ್ಳುವವರು ಕೇಳಿದ್ದರಿಂದ ಹೇಳುತ್ತಿದ್ದೇನೆ: ಶಾಫ್ಟ್ ಹೊರಬರುವ ಕಡೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ. ಅದು ನೇರವಾಗಿ ಕೂರದಿದ್ದರೆ ಹೊಸದಾದರೂ ಸೋರುತ್ತದೆ.

ಎಂಟು ತಿಂಗಳಿಂದ ಮಾವನ ಕೈ ನಡುಗುತ್ತಿದೆ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಈ ಅವಧಿಯಲ್ಲಿ ನಾಲ್ಕು ಸಲ ಅವರು ಕೂರಿಸಿದ ಸೀಲ್ ಓರೆಯಾಗಿತ್ತು. ನಾಲ್ಕು ಸಲವೂ ಅವರು ಊಟ ಮಾಡಿ ಮಲಗಿದ್ದಾಗ ಅದನ್ನು ಕಿತ್ತು ಬೇರೆಯದು ಕೂರಿಸಿ, ಏನೂ ಅರಿಯದವಳ ಹಾಗೆ ಇದ್ದುಬಿಟ್ಟೆ. ಆಮೇಲೆ ಮಾವ ಗಿರಾಕಿಗಳೆದುರು, ನನ್ನ ಕೈಯ ಸೀಲ್ ಸೋರಿದ್ದುಂಟಾ ಎಂದು ಮೀಸೆ ತಿರುವಿದಾಗ ಒಳಗೊಳಗೇ ನಗುತ್ತಿದ್ದೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ತಿಂಗಳ 9ನೇ ತಾರೀಖು ಸೋಮವಾರ ಬೆಳಿಗ್ಗೆ 8-15ಕ್ಕೆ, ತೋಟದ ಯಜಮಾನರ ಮೂವತ್ತೆಂಟು ವರ್ಷದ ಟ್ರ್ಯಾಕ್ಟರನ್ನು ಅವರ ಡ್ರೈವರ್ ತಂದ. ಎಡ ಹಿಂದಿನ ಚಕ್ರದ ಒಳಗಡೆ ಎಣ್ಣೆ ಇಳಿಯುತ್ತಿತ್ತು. ಜಾಕ್ ಹಾಕಿ, ಮರದ ದಿಮ್ಮಿ ಕೊಟ್ಟು, ಚಕ್ರ ಮತ್ತು ಬ್ರೇಕ್ ಡ್ರಮ್ ತೆಗೆದು ಶಾಫ್ಟ್ ಹೊರಗೆಳೆದಾಗ 11-40. ಹಳೆಯ ಸೀಲ್ ಸೆಟೆದು ಸೀಳು ಬಿಟ್ಟಿತ್ತು. ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕಿನ ಲೈನಿಂಗ್ ಎಣ್ಣೆ ಕುಡಿದಿದ್ದರಿಂದ ಅದನ್ನೂ ಬದಲಾಯಿಸಿದೆ. 12-30ಕ್ಕೆ ಮಾವ ಹೊಸ ಸೀಲ್ ಬಡಿದು ಕೂರಿಸಿದರು. ನಾನು ಒರೆಸುವ ನೆಪದಲ್ಲಿ ಬೆರಳಾಡಿಸಿದೆ. ಮೇಲಂಚು ಕೆಳಗಿನದಕ್ಕಿಂತ ಎರಡು ಮಿಲಿಮೀಟರ್ ಒಳಗೆ ಹೋಗಿತ್ತು. ಮಾವ ಊಟಕ್ಕೆ ಹೋಗಲಿ ಎಂದು ಕಾದೆ.

ಅಂದು ಅವರು ಹೋಗಲಿಲ್ಲ. ಯಜಮಾನರು ಅಷ್ಟರಲ್ಲಿ ಡ್ರೈವರನಿಗೆ ಮೂರು ಸಲ ಫೋನ್ ಮಾಡಿದ್ದರು. “ಪಾಪ, ಬೈಸ್ಕೊಳ್ತಾನೆ, ಮುಗಿಸಿಬಿಡೋಣ” ಎಂದು ಮಾವ ತಾವೇ ಶಾಫ್ಟಿನ ತುದಿ ಹಿಡಿದು ನಿಂತರು. ಸಕ್ಕರೆ ಕಾಯಿಲೆಯವರು ಹೊತ್ತಿಗೆ ಸರಿಯಾಗಿ ಉಣ್ಣಬೇಕೆಂದು ನಾನು ಹೇಳಿದೆ. “ನನ್ನ ಸಕ್ಕರೆ ನಾನು ನೋಡ್ಕೋತೀನಿ, ನೀನು ನಟ್ ಬಿಗಿ” ಎಂದರು. ಡ್ರೈವರ್ ಪಕ್ಕದಲ್ಲೇ ನಗುತ್ತಾ ನಿಂತಿದ್ದ. ಮೂರನೆಯವರ ಮುಂದೆ ಮಾವನಿಗೆ ಹೇಗೆ ಹೇಳಲಿ ಎಂದು ಮಾತು ನುಂಗಿಕೊಂಡೆ. ನಟ್ ಬಿಗಿದವಳು ನಾನೇ. 2-40ಕ್ಕೆ ಗಾಡಿ ಹೋಯಿತು.

12ನೇ ತಾರೀಖು ಗುರುವಾರ ಬೆಳಿಗ್ಗೆ 10-05ಕ್ಕೆ ಡ್ರೈವರ್ ನನಗೆ ಫೋನ್ ಮಾಡಿ, ಎಡ ಚಕ್ರದ ಒಳಗೆ ಮತ್ತೆ ಜಿಡ್ಡು ಕಾಣುತ್ತಿದೆ ಎಂದ. ಮಾವ ಎದುರಿನ ಬೆಂಚಿನ ಮೇಲೆ, ಮೂರಡಿ ದೂರದಲ್ಲಿ, ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದರು. ಜೋಡಿಸುವಾಗ ಚೆಲ್ಲಿದ ಎಣ್ಣೆ ಇರಬೇಕು, ಒರೆಸಿಕೊ ಎಂದು ಡ್ರೈವರನಿಗೆ ಹೇಳಿದೆ. ಅದು ಸುಳ್ಳು. ಭಾನುವಾರ ಮಾವ ಮಗಳ ಮನೆಗೆ ಹೋಗುವವರಿದ್ದರು. ಆಗ ತೋಟಕ್ಕೇ ಹೋಗಿ ಸೀಲ್ ಬದಲಾಯಿಸಿ ಬರುವುದೆಂದು ಲೆಕ್ಕ ಹಾಕಿಕೊಂಡಿದ್ದೆ.

14ನೇ ತಾರೀಖು ಶನಿವಾರ ಸಂಜೆ 4-20ಕ್ಕೆ, ಶೆಡ್ಡಿನಿಂದ 3 ಕಿಲೋಮೀಟರ್ ದೂರದ ಇಳಿಜಾರಿನಲ್ಲಿ, ಮೂಟೆ ತುಂಬಿದ ಟ್ರೇಲರ್ ಸಮೇತ ಆ ಟ್ರ್ಯಾಕ್ಟರ್ ಬಲಕ್ಕೆ ತಿರುಗಿ ಗೋದಾಮಿನ ಗೋಡೆಗೆ ಗುದ್ದಿತು. ನಾನು ಕಣ್ಣಾರೆ ಕಂಡಿಲ್ಲ. 5-10ಕ್ಕೆ ಅಲ್ಲಿಗೆ ಹೋದಾಗ ಎಡ ಚಕ್ರದ ಡ್ರಮ್ಮಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಣ್ಣೆ ತಗುಲಿ ಎಡಗಡೆ ಬ್ರೇಕ್ ಜಾರಿ ಬಲಗಡೆಯದೊಂದೇ ಹಿಡಿದರೆ ಗಾಡಿ ಬಲಕ್ಕೇ ಎಳೆಯುತ್ತದೆ. ಡ್ರೈವರನ ಬಲಗಾಲು ಎರಡು ಕಡೆ ಮುರಿದಿದೆ. ಅವನು ಅಡ್ಡಾದಿಡ್ಡಿ ಓಡಿಸಿದನೆಂದು ಯಜಮಾನರು ದೂರು ಕೊಟ್ಟು, ಕೆಲಸದಿಂದಲೂ ತೆಗೆದಿದ್ದಾರೆ. ಲೈಸೆನ್ಸ್ ಹೋದರೆ ಅವನಿಗೆ ಬೇರೆ ಕಸುಬು ಗೊತ್ತಿಲ್ಲ.

15ನೇ ತಾರೀಖು ಭಾನುವಾರ 11 ಗಂಟೆಗೆ ಆಸ್ಪತ್ರೆಗೆ ಹೋದೆ. ಅವನು ಬೈಯುತ್ತಾನೆಂದು ಸಿದ್ಧಳಾಗಿಯೇ ಹೋಗಿದ್ದೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: “ನೀವು ಹೇಳಿದ್ರಿ ಅಂತ ಬೆಳಿಗ್ಗೆ ಸಂಜೆ ಒರೆಸ್ತಾನೇ ಇದ್ದೆ ಅಕ್ಕಾ. ಎಲ್ಲೋ ಸರಿಯಾಗಿ ಒರೆಸ್ಲಿಲ್ಲ ಅನ್ಸುತ್ತೆ.” ನನಗೆ ಅಲ್ಲಿ ಕೂರಲಾಗಲಿಲ್ಲ. ತಂದಿದ್ದ ಹಣ್ಣನ್ನು ಕೊಡುವುದನ್ನೂ ಮರೆತು ಹೊರಗೆ ಬಂದೆ.

ಅಪಘಾತದ ಸುದ್ದಿ ಕೇಳಿ ಮಾವ ಮಗಳ ಮನೆಗೆ ಹೋಗಿರಲಿಲ್ಲ; ಅಂದೇ ಮಧ್ಯಾಹ್ನ 1-30ಕ್ಕೆ ಅವರಿಗೆ ಎಲ್ಲವನ್ನೂ ಹೇಳಿದೆ. ಎಷ್ಟು ಸಲ ಎಂದು ಕೇಳಿದರು. ಇದನ್ನು ಬಿಟ್ಟು ನಾಲ್ಕು ಎಂದೆ. ತಮ್ಮ ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಂಡರು. “ಮೊದಲ್ನೇ ಸಲಾನೇ ಹೇಳ್ಬಾರ್ದಿತ್ತೇನಮ್ಮಾ? ಅವತ್ತೇ ಸುತ್ತಿಗೆ ನಿನ್ನ ಕೈಗೆ ಕೊಡ್ತಿದ್ದೆ” ಎಂದರು. ಅವರಿಗೆ ನೋವಾಗಬಾರದೆಂದು ನಾನು ಎಂಟು ತಿಂಗಳು ಮಾಡಿದ್ದೆಲ್ಲ ಯಾರಿಗೂ ಬೇಕಾಗಿರಲಿಲ್ಲ.

ಮಾವ ಈಗ ಹೊರಗೆ ಬೆಂಚಿನ ಮೇಲಿದ್ದಾರೆ. ತಪ್ಪನ್ನೆಲ್ಲ ತಮ್ಮ ತಲೆಗೇ ಬರೆಯಿರೆಂದು ಬಾಗಿಲಲ್ಲೇ ಹೇಳಿದ್ದಾರೆ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಅವರು ಕೂರಿಸಿದ್ದು ಓರೆಯಾಗಿದೆಯೆಂದು ಅವರಿಗೆ ತಿಳಿದಿರಲಿಲ್ಲ. ತಿಳಿದೂ ಗಾಡಿ ಬಿಟ್ಟವಳು, ಫೋನಿನಲ್ಲಿ ಸುಳ್ಳು ಹೇಳಿದವಳು ನಾನು. ಡ್ರೈವರನ ಮೇಲಿನ ದೂರನ್ನು ಕೈಬಿಡಬೇಕು. ಒರೆಸಿದ್ದರಲ್ಲಿ ಅವನದೇನೂ ತಪ್ಪಿಲ್ಲ ಎಂಬುದನ್ನು ಠಾಣೆಯವರೇ ಆಸ್ಪತ್ರೆಗೆ ಹೋಗಿ ಅವನಿಗೆ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ. ನಾನು ಹೇಳಿದರೆ ಅವನು ಮತ್ತೆ ನಂಬಿಬಿಡುತ್ತಾನೆ. ನನ್ನ ಮಾತನ್ನು ಅವನು ನಂಬಬೇಕಾದ ಕಾಲ ಮುಗಿಯಿತು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಸೇರಿಸುವುದಾಗಲಿ ತೆಗೆಯುವುದಾಗಲಿ ಇಲ್ಲ, ಇಷ್ಟೂ ನಿಜ.

ಸ್ಥಳ: ಪೊಲೀಸ್ ಠಾಣೆ
ತಾರೀಖು: 16, ಸೋಮವಾರ, ಬೆಳಿಗ್ಗೆ 11-20
ಸಹಿ: ಹೇಳಿಕೆ ಕೊಟ್ಟವರದು