ಮೊದಲನೇ ತತ್ತಿ ಆಯೀದು

ಅಯ್ಯ, ಅಷ್ಟು ಜೋರ ಒತ್ತಬ್ಯಾಡ ಕರಿಷ್ಮಾ! ತತ್ತಿ ಐತಿ ಅದು, ನಿನ್ನ ಗಂಡ ಸೈಮನ್ ಬಡಿಯೋ ರೈಲ್ವೆ ಹಳಿ ಅಲ್ಲ. ಆ ರಬ್ಬರ್ ಶಿಕ್ಕಾಕ್ಕ ಶಾಯಿ ಹಚ್ಚು, ತತ್ತೀನ ಅದರ ಮ್ಯಾಲ ಮೆಲ್ಲಕ ಉಳ್ಳಾಡಿಸು... ಹಾಂ, ಹಂಗ. ನೋಡು, ಮೀನ ಎಷ್ಟು ಚಂದ ಮೂಡ್ತು! ಯಾಕ ನಗ್ತಿ? ಬಾಲ ಹೋತಾ? ಹೋಗ್ಲಿ ಬಿಡು. ನಾಳೆ ಈಸ್ಟರ್ ದಿನ ಹುಡುಗ್ರು ಬಾಲ ನೋಡಿ ತಿಂತಾವೇನು?

ಈ ಶಿಕ್ಕಾ ಎಲ್ಲಾ ಚರ್ಚಿನ ಸಿಸ್ಟರ್ ಕೊಟ್ಟಿದ್ದು. ಹೂವು, ಮೀನ, ಕುರಿಮರಿ... ನಮ್ಮನ್ನ ಹಡದ ಆಯಿ ಇದ್ದಿದ್ರ ಇವನ್ನೆಲ್ಲಾ ಮುಟ್ಟಗೊಡ್ತಿದ್ಲೇನ? ಉಳ್ಳಾಗಡ್ಡಿ ಸಿಪ್ಪಿ ಹಾಕಿ ಕುದಿಸೋದು, ಹಂಚಿನ ಮಸಿ ಹೆಬ್ಬಟ್ಟಿಗೆ ಹಚ್ಗೊಂಡು ಮೊದಲನೇ ತತ್ತಿಗೆ ಒತ್ತೋದು. 'ನನಗ ಸಹಿ ಬರಂಗಿಲ್ಲ, ಯೇಸುಗ ನನ್ನ ಹೆಬ್ಬಟ್ಟ ಗೊತ್ತೈತಿ' ಅಂತಿದ್ಲು. ಆಮ್ಯಾಲೇನ ನಮ್ಮ ಕೈಗೆ ಉಳಿದಿದ್ದು ಕೊಡ್ತಿದ್ಲು... ನೋಡು, ಆಕೀದು ಅಂತ ಒಂದು ಬಿಳೇದು ತಗದು ಇಟ್ಟೇನಿ. ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ ಅಂದೇನಿ.

ಅಳಬ್ಯಾಡ ತಂಗಿ. ಆಕಿ ಹೋಗಿ ಇನ್ನೂ ತಿಂಗಳಾಗಿಲ್ಲ, ನನಗೂ ಗೊತ್ತು. ಆದ್ರ ನೀ ಅಲ್ಲಿ ಕ್ಯಾಸಲ್‌ರಾಕ್‌ದಾಗ ಇದ್ದಿ. ಇಲ್ಲಿ ಸಾಂಬ್ರಾಣಿ ಊರಾಗ ನಾ ಒಬ್ಬಾಕಿ. ಎರಡು ತಿಂಗಳು ಹಾಸಗಿ ಬಿಟ್ಟು ಏಳಲಿಲ್ಲ ಆಕಿ, ಹೊಸ್ತಿಲಾ ದಾಟಲಿಲ್ಲ. ಗಂಜಿ ಕುಡಿಸಿದಾಕಿ ನಾನು, ಹೇಲು-ಉಚ್ಚಿ ಬಳದಾಕಿ ನಾನು! ನೀ ಎಷ್ಟು ಸಲ ಬಂದಿ?... ಬೈತಿಲ್ಲವಾ. ಕೂಸು ಸಣ್ಣದು, ದಾರಿ ದೂರ, ನನಗ ಗೊತ್ತಿಲ್ಲೇನು? ಅದಕ್ಕ ಆಯಿ ತಾನಾಗೇ, ಖುಷಿಲೆ, ಹೊಲದ ಮೃತ್ಯುಪತ್ರ ನನ್ನ ಹೆಸರಿಗೆ ಮಾಡಿದ್ಲು. ನಿನ್ನ ಮ್ಯಾಲ ಸಿಟ್ಟಿರಲಿಲ್ಲ ಆಕಿಗೆ, ಆಣಿ ಮಾಡಿ ಹೇಳ್ತೇನಿ. ಆ ಹೊಲದಾಗಿನ ಮಾವಿನಹಣ್ಣು ವರ್ಷಾ ಬುಟ್ಟಿಗಟ್ಟಲೆ ಕಳಸ್ತೇನಿ ನಿನಗ!

ಈಗ ಕುರಿಮರಿದು ಒತ್ತು... ಏನ ನೋಡ್ತಿ? ಈ ನೀಲಿ ಶಾಯಿ ಪ್ಯಾಡಾ? ಇಲ್ಲ, ಪ್ಯಾಡ್ ಸಿಸ್ಟರ್ ಕೊಟ್ಟಿದ್ದಲ್ಲ, ಮನ್ಯಾಗ ಇತ್ತು. ನನ್ನ ಮಗ ಜೋಸೆಫ್‌ನ ಶಾಲೀದು ಇರಬೇಕು. ಹಿಂಗ ಇರತಾವ, ಎಲ್ಲಾರ ಮನ್ಯಾಗೂ!

ಏನಂದಿ?

ಆಯಿ ಹೆಬ್ಬಟ್ಟು... ನೀಲಿ ಇತ್ತಾ? ಶವದ ಪೆಟ್ಟಿಗ್ಯಾಗ ಕೈಗೆ ಜಪಮಾಲಿ ಸುತ್ತುವಾಗ ನೋಡಿದ್ಯಾ? ಹೆಂಗ ಕಂಡೀತು, ನಾ ನಿಂಬಿಹಣ್ಣು ಹಚ್ಚಿ ತಿಕ್ಕಿದ್ದೆ... ಅಂದ್ರ, ಮೈ ತೊಳಿಯುವಾಗ. ಎಲ್ಲಾ ಕಡೆ ತಿಕ್ಕಿದ್ದೆ.

ಹಾಂ, ಅದು ರೇಶನ್ ಅಂಗಡೀದು! ಅಕ್ಕಿ ತರಾಕ ಹೋದಾಗ ಒತ್ತಿದ್ಲು. ಹೆಬ್ಬಟ್ಟಿನ ಮಷೀನಾ? ಹೌದವಾ, ಮಷೀನ್ ಐತಿ, ಅವತ್ತು ಕೆಟ್ಟಿತ್ತು. ಪುಸ್ತಕದಾಗ ಒತ್ತಿಸಿಕೊಂಡ್ರು. ಯಾವತ್ತ ಅಂದ್ರ... ಆಕಿ ತೀರಿಕೊಳ್ಳೋ ಹಿಂದಿನ ದಿನಾನ. ಕೋಲು ಹಿಡಕೊಂಡು, ನಡಕೋತ, ನಾನ ಕರಕೊಂಡು ಹೋಗಿದ್ದೆ...

ಯಾಕ ಹಂಗ ನೋಡ್ತಿ?

ಹಾಸಗಿ ಬಿಟ್ಟು ಎದ್ದಿರಲಿಲ್ಲ ಅಂತ ನಾನ ಅಂದೆ. ಹೌದು. ಈಗಿನ್ನ ಅಂದೆ.

ಮಾತಾಡ ಕರಿಷ್ಮಾ. ಬೇಕಾದ್ರ ಬೈ. ಕಪಾಳಕ್ಕ ಹೊಡಿ. ಏ, ಏನ ಮಾಡ್ತಿ? ಹೆಬ್ಬಟ್ಟಿಗೆ ಯಾಕ ಶಾಯಿ ಹಚ್ಗೊಳ್ತಿ? ಇಷ್ಟು ಶಿಕ್ಕಾ ಅದಾವಲ್ಲ! ಆ ಬಿಳೇದು ಬ್ಯಾಡ, ಅದನ್ನ ಇಡು, ಅದು ಆಯೀದು... ಒತ್ತಿಬಿಟ್ಟಿ. ನನ್ನ ಮುಂದ ಯಾಕ ಇಡ್ತಿ? ತಗೀ ಅದನ್ನ. ತಗೀ ಅಂದೆ!

ಎರಡು ತಿಂಗಳು ಹೊಲ ಕೇಳಿದೆ ನಾನು. ಕಾಲು ಒತ್ಕೋತ ಕೇಳಿದೆ, ಅತ್ತು ಕೇಳಿದೆ. 'ಮಾಗ್ದಲೀನಾ, ಇಬ್ಬರಿಗೂ ಸಮ' ಅಂತಿದ್ಲು. ನನ್ನ ಕೈಲೇ ಗಂಜಿ ಕುಡಕೋತ ಅದನ್ನ ಅಂತಿದ್ಲು! ಕಾಗದ ಬರಿಸಿ ದಿಂಬಿನ ಕೆಳಗ ಇಟ್ಟಿದ್ದೆ, ಒಂದು ದಿನ ಮನಸ್ಸು ಕರಗೀತು ಅಂತ. ಅವತ್ತು ಮುಂಜಾನೆ ಗಂಜಿ ಒಯ್ದೆ. ಆಯಿ ಅಂತ ಕರದೆ. ಓ ಅನಲಿಲ್ಲ. ನಿನಗ ಫೋನ್ ಮಾಡೋಕಿಂತ ಮೊದಲ ದಿಂಬಿನ ಕೆಳಗಿನ ಕಾಗದ ತಗದೆ...

ಕೈ ಬಿಸಿ ಇತ್ತು ಕರಿಷ್ಮಾ. ಇನ್ನೂ ಬಿಸಿ ಇತ್ತು.