ಮೂರು ಜಗ್ಗು

ಕೊನೇ ರೈಲಿಗೆ ಮಾಲೂರಲ್ಲಿ ಇಳಿದು ಲಕ್ಕೂರ ದಾರೀಲಿ ನಡೀತಿದ್ವಿ. ಹಾಳು ಬಾವಿ ಹತ್ತಿರ ಬಂದಾಗ ನಮ್ಮ ಚಿಕ್ಕಪ್ಪನ ಮಗ ಕದಿರೇಶ್ ನನ್ನ ತೋಳು ಹಿಡ್ಕೊಂಡ. ಆಮೇಲೆ ಹೇಳಿದ... ಅವನು ಹೇಳಿದ್ದನ್ನೇ ಹೇಳ್ತಿದ್ದೀನಿ.

ಬೆಂಗಳೂರಲ್ಲಿ ಅವನು ಕೆಲಸ ಮಾಡೋ ನೆಲದಡಿ ಮೆಟ್ರೋ ಸ್ಟೇಷನ್ ಇರೋ ಜಾಗ ಮೊದಲು ಹೂವಿನ ತೋಟ. ತೋಟದಲ್ಲೊಂದು ಹಳೇ ಬಾವಿ. ಸ್ಟೇಷನ್ನಿಗೆ ಅಂತ ಅರವತ್ತು ಅಡಿ ಅಗೆದರೂ ಬಾವಿ ತಳ ಇನ್ನೂ ಕೆಳಗೇ ಇತ್ತು. ಅದರ ಕೆಸರು ತೆಗೆದರೇನೇ ಮೇಲೆ ಕಾಂಕ್ರೀಟು. ಇಳಿದೋನು ನಮ್ಮೂರ ಆಂಜಿನಪ್ಪ. ಮೇಲೆ ಹಗ್ಗ ಹಿಡಿದೋನು ಕದಿರೇಶ್. ಬಾವಿ ಕೆಲಸದೋರಿಗೆ ಹಗ್ಗವೇ ಬಾಯಿ. ಒಂದು ಜಗ್ಗು ಅಂದ್ರೆ ಸಡಿಲ ಬಿಡು, ಎರಡು ಅಂದ್ರೆ ಕೆಸರು ತುಂಬಿದ ಮಂಕರಿ ಎತ್ತು, ಮೂರು ಅಂದ್ರೆ ನನ್ನನ್ನ ಎಳ್ಕೋ.

ಬಾವಿಯ ಕೆಮ್ಮಣ್ಣಿನ ಗೋಡೆ ಕುಸೀತು. ಧಬ್... ಆಮೇಲೆ ಹಗ್ಗ ಮೂರು ಸಲ ಜಗ್ಗಿತು.

ಮೇಸ್ತ್ರಿ ಭೀಮರಾಜ್ ಪಕ್ಕದಲ್ಲೇ ಇದ್ದ. ಸುದ್ದಿ ಆಚೆ ಹೋದ್ರೆ ಕೆಲಸ ನಿಲ್ಲುತ್ತೆ, ಹಗ್ಗ ಬಿಡೋ ಅಂದ. ಕದಿರೇಶ್ ಬಿಟ್ಟ. ಆ ರಾತ್ರಿಯೇ ಕಾಂಕ್ರೀಟು ಬಿತ್ತು. ನಿನ್ನ ಗಂಡ ಯಾರಿಗೂ ಹೇಳದೆ ಓಡಿಹೋದ ಅಂತ ಭಾರತಮ್ಮನಿಗೆ ಹೇಳಿದ್ದೂ ಕದಿರೇಶನೇ. ಆಯಮ್ಮ ಇನ್ನೂ ಬಳೆ ತೆಗೆದಿಲ್ಲ.

ಸ್ಟೇಷನ್ ಎದ್ದಿತು. ಮೇಲೆ ರಸ್ತೆ, ಅದರಡಿ ಟಿಕೆಟ್ ಹಾಲು, ಅದರಡಿ ಪ್ಲಾಟ್‌ಫಾರಂ. ಅದರ ತುದೀಲಿ ಒಸರು ನೀರು ಸೇರೋ ಪಂಪಿನ ಗುಂಡಿ... ಬಾವಿ ಇದ್ದ ಜಾಗವೇ.

ಹೋದ ವಾರ. ಕೊನೇ ರೈಲು ಹೋದಮೇಲೆ ಕರೆಂಟ್ ತೆಗೆದು ರಿಪೇರಿ. ಮೇಸ್ತ್ರಿ, ಕದಿರೇಶ್ ಇಬ್ಬರೇ. ಪಂಪು ನಿಂತಿತ್ತು. ಗುಂಡಿಯೊಳಗಿಂದ ಸರ್... ಸರ್... ನಾರಿನ ಹಗ್ಗ ಕಲ್ಲಿಗೆ ಉಜ್ಜೋ ಸದ್ದು. ಕಬ್ಬಿಣದ ಜಾಲರಿ ಸಂದೀಲಿ ಒದ್ದೆ ಹಗ್ಗದ ತುದಿ.

"ಯಾವನ್ಲಾ ಇದನ್ನ ಬಿಟ್ಟೋನು?" ಅಂತ ಮೇಸ್ತ್ರಿ ಜಾಲರಿ ಸರಿಸಿ, ಹಗ್ಗ ಕೈಗೆ ಸುತ್ಕೊಂಡು ಎಳೆದ.

ಕೆಳಗಿಂದ ಜಗ್ಗಿತು. ಒಂದು... ಎರಡು... ಮೂರನೇದಕ್ಕೆ ಮೇಸ್ತ್ರಿ ತಲೆಕೆಳಗಾಗಿ ಸೊಂಟದ ತನಕ ಒಳಗೆ ಹೋದ. ಕದಿರೇಶ್ ಕಾಲು ತಬ್ಬಿಕೊಂಡ.

"ಬಿಡಬೇಡ್ವೋ..." ಮೇಸ್ತ್ರಿ ಪಿಸುಗುಟ್ಟಿದ.

ಅವನಿಗಿಂತ ಕೆಳಗಿಂದ ಆಂಜಿನಪ್ಪನ ದನಿ. "ಕದಿರಾ... ಅವತ್ತು ಬಿಟ್ಟೆಯಲ್ಲಪ್ಪಾ. ಇವತ್ತೂ ಬಿಡು."

ಬಿಟ್ಟ.

ಬೇಕಂತ ಬಿಟ್ಟನೋ, ಕೈ ಸೋತಿತೋ... ನಾನು ಕೇಳಲಿಲ್ಲ. ನಾವು ಹೋಗ್ತಿದ್ದದ್ದು ಭಾರತಮ್ಮನ ಮನೆಗೆ. ಬಳೆ ತೆಗಿಯಮ್ಮ ಅಂತ ಒಬ್ಬನೇ ಹೋಗಿ ಹೇಳೋ ಧೈರ್ಯ ಅವನಿಗಿರಲಿಲ್ಲ.

ಸುಳ್ಳು ಅನ್ನೋರು ನರಸಾಪುರದ ನರೇಶನ್ನ ಕೇಳಿ. ಮೇಸ್ತ್ರಿ ಹೆಣ ಎತ್ತಿದೋನು ಅವನೇ. ಗುಂಡಿ ತಳ, ಗೋಡೆ ಪೂರಾ ಕಾಂಕ್ರೀಟು, ನೀರು ಮೊಣಕಾಲುದ್ದ. ಮೇಸ್ತ್ರಿ ಬಾಯಿ ತುಂಬ ಹಸೀ ಕೆಮ್ಮಣ್ಣು.