ಎತ್ತಿ ಹಿಡಿದ ಬಾಟ್ಲಿ

ಅಯ್ಯೋ, ನಿಲ್ಲಿಸ್ಬೇಡಿ ಅಬ್ಬಾಸಣ್ಣ! ಎಂತ ಕನ್ನಡಿಯಲ್ಲಿ ನೋಡುದು ಪದೇ ಪದೇ? ಇವರಿಗೆ ನಿದ್ದೆ, ಅಷ್ಟೇ. ಪುತ್ತೂರಿಂದ ಹೊರಡುವಾಗ ನೀವೇ ಕೇಳಿದ್ದೀರಲ್ಲ, ಇವರು ನನ್ನ ಹತ್ರ "ಲೋಲಾಕ್ಷಿ, ಮನೆಗೇ ಹೋಗುವ" ಅಂದ್ರಲ್ಲ? ಹಾಂ. ನೀವು ಮಾರ್ಗ ನೋಡಿ.

ಬಾಟ್ಲಿ ಹಿಡಿದ ಕೈಯಾ? ನೋಯ್ಲಿ ಬಿಡಿ. ಆಸ್ಪತ್ರೆಯ ಸಿಸ್ಟರ್ ಹೇಳಿದ್ದಾರೆ, ಬಾಟ್ಲಿ ಇವರ ಕೈಗಿಂತ ಎಷ್ಟು ಎತ್ತರ ಇರ್ತದೋ ಅಷ್ಟು ಒತ್ತಿಕೊಂಡು ನೀರು ನರದೊಳಗೆ ಹೋಗುದು ಅಂತ. ಇದು ಬರೀ ಉಪ್ಪುನೀರು. ರಕ್ತ ಕೊಡುವಾಗ, ಅದು ದಪ್ಪ ಅಂತ, ಇನ್ನೂ ಮೇಲೆ ತೂಗಿಸಿದ್ರು. ಕೆಳಗೆ ಬಂತೋ, ಮೈಯ ರಕ್ತವೇ ತಿರುಗಿ ನಳಿಗೆಗೆ ಏರ್ತದಂತೆ! ನಗ್ತೀರಾ? ಹೌದು, ನಿಮಗೆ ಗೊತ್ತಿಲ್ಲದ್ದಾ... ಎಷ್ಟು ರೋಗಿಗಳನ್ನು ಸಾಗಿಸಿದವರು ನೀವು.

ಎಂತ, ಜೀಪಿನ ಧನಿಗಳ ಮಾತಾ? ಗೊತ್ತುಂಟು ಮಾರಾಯ್ರೆ. ಜೀಪಿಗೆ ಹೆಣ ಹಾಕಿದ್ರೆ ನಿಮ್ಮ ಕೆಲಸ ಹೋಗ್ತದೆ. ನಮ್ಮ ಚೆನ್ನುವಿನ ಗಂಡನನ್ನು ಇನ್ನೊಂದು ಜೀಪಿನವ ಜಾಲ್ಸೂರಿನ ಹತ್ರ ಮಾರ್ಗದ ಬದಿಗೆ ಇಳಿಸಿ ಹೋದನಲ್ಲ... ಅವಳು ಬಿಸಿಲಲ್ಲಿ ನೊಣ ಓಡಿಸಿಕೊಂಡು ಕೂತದ್ದು... ಬೇಡಪ್ಪ! ಇವರು ಹಾಗಲ್ಲ. ಉಸಿರು ಉಂಟು. ಆಲೆಟ್ಟಿಯ ಮನೆಗೆ ಮುಟ್ಟಿಸಿ, ಸಾಕು. ಮಕ್ಕಳು ಅಂಗಳದಲ್ಲಿ ಕಾಯ್ತಾ ಇರ್ತಾರೆ.

ಅಬ್ಬಾ, ಎಂತ ಗುಂಡಿ! ಇಲ್ಲ ಇಲ್ಲ, ಬಾಟ್ಲಿ ಒಡೆಯಲಿಲ್ಲ, ಅಡಿಯ ಗೋಣಿಯ ಮೇಲೆ ಬಿತ್ತು. ಎತ್ತುತ್ತೇನೆ, ತಡೀರಿ... ಕೈ ಮರಗಟ್ಟಿದೆ... ಯಾಕೆ ತಿರುಗಿ ಕೂತ್ರಿ? ನಳಿಗೆಯಲ್ಲಿ ಎಂತ ಹುಡುಕುದು ನೀವು? ರಕ್ತ... ಏರ್ತದೆ, ಸ್ವಲ್ಪ ಹೊತ್ತು ಬೇಕಲ್ಲ... ಏರ್ತದೆ...

ಯಾಕೆ ನಿಲ್ಲಿಸಿದ್ರಿ? ಬೇಕಾದ್ರೆ ಬೈಯಿರಿ! ಹೀಗೆ ನೋಡ್ಬೇಡಿ, ನನಗೆ ಹೆದರಿಕೆ ಆಗ್ತದೆ...

ಕಾವು ಊರು ದಾಟುವಾಗಲೇ, ಅಬ್ಬಾಸಣ್ಣ. ನನ್ನ ಬೆರಳು ಹಿಡಿದಿದ್ರು, ಬಿಟ್ರು. ಬಾಟ್ಲಿ ಇಳಿಸಿದ್ರೆ ನಿಮಗೆ ಗೊತ್ತಾಗ್ತದೆ ಅಂತ ಹಿಡಿದೇ ಇದ್ದೆ. ನಿಮ್ಮ ಕಾಲಿಗೆ ಬೀಳ್ತೇನೆ, ಇಲ್ಲಿ ಇಳಿಸ್ಬೇಡಿ. ಇವರನ್ನು ಮಾರ್ಗದ ಬದಿಗೆ ಹಾಕ್ಬೇಡಿ.

ಎಂತ ಮಾಡುದು ನೀವು? ತಲೆಯ ವಸ್ತ್ರ ಯಾಕೆ ಬಿಚ್ಚಿದ್ರಿ? ಬಾಟ್ಲಿಯನ್ನು ಸರಳಿಗೆ ಕಟ್ಟುದಾ, ಅಷ್ಟು ಮೇಲೆ? ಇನ್ನು ಎಂತಕ್ಕೆ... ಓ... ಸುಳ್ಯದ ಸ್ಟ್ಯಾಂಡಿನಲ್ಲಿ ಧನಿಗಳು ಕೂತಿರ್ತಾರೆ, ಅವರಿಗೆ ಕಾಣ್ಲಿ ಅಂತ.

ಅಬ್ಬಾಸಣ್ಣ... ನಾನೀಗ ಒಮ್ಮೆ ಅಳಬಹುದಾ?

ಪೇಟೆ ದಾಟಿದ ಮೇಲೆಯಾ? ಆಯ್ತು. ಹೋಗುವ.